ರಾಜಿಯ ನಾಲಿಗೆ

ತೊಂದರೆಯೆಲ್ಲ ಶುರುವಾದದ್ದು ರಾಜಿಯ ನಾಲಿಗೆಯಿಂದ.

ರಾಜಿ ಎಂದರೆ ಲೋಕೇಶನ ಅತ್ತೆ ಮಾದೇವಮ್ಮನವರ ಸೀಮೆಹಸು. ಮೈಸೂರಿನ ಗೋಕುಲಂ ಬಡಾವಣೆಯ ಬೆನ್ನಿಗೆ ಅಂಟಿಕೊಂಡಂತಿರುವ ಪಡುವಾರಹಳ್ಳಿಯ ಒಂದು ಓಣಿಯಲ್ಲಿ, ಮನೆಯ ಹಿತ್ತಲ ಕೊಟ್ಟಿಗೆಯಲ್ಲಿ ಅವಳ ವಾಸ. ಕಪ್ಪು ಬಿಳುಪು ಮೈ, ಕಣ್ಣಿನ ಸುತ್ತ ಕನ್ನಡಕ ಹಾಕಿದಂತೆ ಒಂದು ಕೆಂಚು ಉಂಗುರ, ಮತ್ತೆ ಮೊಳದುದ್ದದ ನಾಲಿಗೆ. ಆ ನಾಲಿಗೆ ತಾಗಿದರೆ ಬಡಗಿ ಉಪ್ಪುಕಾಗದ ಉಜ್ಜಿದ ಹಾಗಾಗುತ್ತಿತ್ತು.

ಲೋಕೇಶನಿಗೂ ಹಸುವಿಗೂ ಅಷ್ಟಕ್ಕಷ್ಟೆ. ಅವನು ಒಂಟಿಕೊಪ್ಪಲಿನ ಅಂಗಡಿಯೊಂದರಲ್ಲಿ ಮಿಕ್ಸಿ, ಗ್ರೈಂಡರ್ ರಿಪೇರಿ ಮಾಡುವವನು. ಮಿಕ್ಸಿ ಎಷ್ಟೇ ಆರ್ಭಟ ಮಾಡಿದರೂ ಆಫ್ ಮಾಡುವುದಕ್ಕೆ ಒಂದು ಗುಂಡಿ ಇರುತ್ತದೆ. ಹಸುವಿಗೆ ಅದೆಲ್ಲಿದೆ ಎಂಬುದು ಅವನ ವಾದ. ಆದರೆ ಅತ್ತೆಯ ಮನೆಯಲ್ಲೇ ಸಂಸಾರ ಹೂಡಿರುವ ಅಳಿಯನ ವಾದವನ್ನು ಕೇಳುವವರು ಯಾರು? ಮದುವೆಯಾದಾಗಿನಿಂದ ಅವನು ಆ ಮನೆಯ ನೀರಿನ ಮೋಟಾರು ಸರಿಮಾಡಿದ್ದ, ಸೋರುವ ನಲ್ಲಿ ಬಿಗಿದಿದ್ದ, ಹಂಚಿನ ಮೇಲೆ ಹತ್ತಿ ಬಿದ್ದೂ ಇದ್ದ. ಒಂದು ದಿನವೂ ಮಾದೇವಮ್ಮ 'ಪರವಾಗಿಲ್ಲ' ಎಂದವರಲ್ಲ. ಎಲ್ಲ ಮುಗಿದ ಮೇಲೆ ಒಂದು ಸಲ ನೋಡಿ, 'ಹೂಂ' ಎನ್ನುತ್ತಿದ್ದರು. ಆ ಹೂಂಕಾರ ಲೋಕೇಶನ ಎದೆಯಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು.

ಆ ಮಂಗಳವಾರ ಅಂಗಡಿಗೆ ರಜೆ. ಹೆಂಡತಿ ಪದ್ಮಾವತಿ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸು. ಬೆಳಗಿನ ಡ್ಯೂಟಿಗೆ ಆಗಲೇ ಹೊರಟುಹೋಗಿದ್ದಳು. ಮಾದೇವಮ್ಮ ರೇಷ್ಮೆ ಸೀರೆಯುಟ್ಟು, ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತರು.

"ಅಳಿಯಂದ್ರೇ, ನಂಜನಗೂಡಲ್ಲಿ ನನ್ ತಂಗಿ ಮೊಮ್ಮಗೂಗೆ ನಾಮಕರಣ. ಸಂಜೆ ಒಳಗೆ ಬಂದ್ಬುಡ್ತೀನಿ. ರಾಜಿನ ಏಳು ಗಂಟೆಗೆ ಸರಿಯಾಗಿ ಎಳನೀರಿನೋನ ಎದುರಿಗಿರೋ ಖಾಲಿ ಸೈಟಿಗೆ ಹೊಡ್ಕೊಂಡೋಗಿ. ಮೇಯ್ಲಿ. ಆಮೇಲೆ ವಾಪಸ್ ಕರ್ಕೊಂಡ್ಬನ್ನಿ. ಅಷ್ಟೇಯ."

"ಅಷ್ಟೇ ತಾನೇ ಅತ್ತೆ? ನಾನಿದೀನಲ್ಲ."

ಮಾದೇವಮ್ಮ ಅಳಿಯನನ್ನು ಮೇಲಿಂದ ಕೆಳಗೆ ನೋಡಿದರು. "ಹೂಂ" ಎಂದು ಆಟೋ ಹತ್ತಿದರು.

ಇವತ್ತು ಈ ಹೂಂಕಾರಕ್ಕೆ ಒಂದು ಗತಿ ಕಾಣಿಸಿಯೇ ಸಿದ್ಧ ಎಂದು ಲೋಕೇಶ ಹಗ್ಗ ಹಿಡಿದ.

ದಾರಿಯುದ್ದಕ್ಕೂ ರಾಜಿ ಸಾಧುವಾಗಿಯೇ ಇದ್ದಳು. ತಲೆ ತಗ್ಗಿಸಿಕೊಂಡು, ಮನಸ್ಸಿಲ್ಲದ ಮನಸ್ಸಿನಿಂದ ಹೆಜ್ಜೆ ಹಾಕುತ್ತಾ, ಅಲ್ಲಲ್ಲಿ ಒಂದು ಕಾಂಪೌಂಡ್ ಗೋಡೆಯನ್ನೋ ವಿದ್ಯುತ್ ಕಂಬವನ್ನೋ ನೆಕ್ಕಿ ಮುಂದೆ ಹೋಗುತ್ತಿದ್ದಳು. ಲೋಕೇಶನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಹಸುಗಳ ಹವ್ಯಾಸ ಅವನಿಗೇನು ಗೊತ್ತು?

ಖಾಲಿ ಸೈಟಿನ ತಿರುವು ಬರುತ್ತಲೇ ಅವಳ ಕಿವಿ ನೆಟ್ಟಗಾದವು. ಸೈಟಿನ ತುಂಡುಗೋಡೆಯ ಮೇಲೆ ಏಳೆಂಟು ಜನ ವಿದೇಶಿಯರು ಸಾಲಾಗಿ ಕೂತಿದ್ದರು. ಗೋಕುಲಂನಲ್ಲಿ ಅದೇನು ಹೊಸದಲ್ಲ. ಯೋಗ ಕಲಿಯಲು ಬಂದು ತಿಂಗಳುಗಟ್ಟಲೆ ಉಳಿಯುವವರು, ಬೆಳಗಿನ ತರಗತಿ ಮುಗಿಸಿ, ಬೆವರಿನಲ್ಲಿ ಮಿಂದೆದ್ದು ಎಳನೀರು ಕುಡಿಯಲು ಬರುತ್ತಾರೆ. ಇವರೆಲ್ಲ ಮುಖ ರಸ್ತೆಗೆ, ಬೆನ್ನು ಸೈಟಿಗೆ ಮಾಡಿ ಕಣ್ಣುಮುಚ್ಚಿ ಕೂತಿದ್ದರು. ಗಂಡಸರ ಮೈಮೇಲೆ ಅಂಗಿಯಿರಲಿಲ್ಲ. ಬಿಸಿಲಿಗೆ ಬೆನ್ನುಗಳು ಎಣ್ಣೆ ಸವರಿದ ದೋಸೆಹೆಂಚಿನಂತೆ ಹೊಳೆಯುತ್ತಿದ್ದವು.

ರಾಜಿ ಹುಲ್ಲನ್ನು ಮೂಸಿಯೂ ನೋಡಲಿಲ್ಲ. ಲೋಕೇಶನನ್ನು ಹಗ್ಗದ ಸಮೇತ ಎಳೆದುಕೊಂಡು ನೇರವಾಗಿ ಗೋಡೆಯ ಹತ್ತಿರ ಹೋದಳು. ಸಾಲಿನ ತುದಿಯಲ್ಲಿದ್ದ ಉದ್ದನೆಯ ಮನುಷ್ಯನ ಬೆನ್ನನ್ನು ಸೊಂಟದಿಂದ ಹಿಡಿದು ಕತ್ತಿನವರೆಗೆ, ಗೋಡೆಗೆ ಬಣ್ಣ ಬಳಿಯುವವನು ಬ್ರಷ್ ಎಳೆಯುವ ಹಾಗೆ, ಒಂದೇ ಸಲ ನೆಕ್ಕಿದಳು.

ಆ ಮನುಷ್ಯ 'ಆಆಆ' ಎಂದು ಉದ್ದಕ್ಕೆ ನರಳಿದ. ಅವನ ಕಣ್ಣಲ್ಲಿ ನೀರು ಬಂದಿತ್ತು. ರಾಜಿ ಎರಡನೆಯ ಸಲ ನೆಕ್ಕಿದಳು. ಬೆನ್ನಿನ ಮೇಲೆ ಕೆಂಪು ಪಟ್ಟೆಗಳು ಎದ್ದವು.

"ಸಾರಿ ಸಾರ್. ವೆರಿ ಸಾರಿ. ಕೌ ಮ್ಯಾಡ್ ಸಾರ್," ಎಂದು ಲೋಕೇಶ ಹಗ್ಗ ಜಗ್ಗಿದ.

ಪಕ್ಕದಲ್ಲಿದ್ದ ಹೆಂಗಸೊಬ್ಬಳು ತನ್ನ ತೋಳನ್ನು ಮುಂದಕ್ಕೆ ಚಾಚಿ ಏನೋ ಹೇಳಿದಳು. ಅವಳಿಗೂ ಎಲ್ಲೋ ಗಾಯವಾಗಿದೆ, ತೋರಿಸುತ್ತಿದ್ದಾಳೆ ಎಂದುಕೊಂಡ ಲೋಕೇಶ ಅವಳಿಗೂ ಒಂದು ಸಾರಿ ಹೇಳಿದ. ಅಷ್ಟರಲ್ಲಿ ಎಲ್ಲರೂ ಗೋಡೆಯಿಂದಿಳಿದು ಅವನ ಕಡೆಗೇ ಬರತೊಡಗಿದರು. ಎಲ್ಲರ ಕೈಗಳೂ ಮುಂದಕ್ಕಿದ್ದವು. ಏಳೆಂಟು ಆಜಾನುಬಾಹುಗಳು ಕೈ ಚಾಚಿಕೊಂಡು ಬಂದರೆ ಮಿಕ್ಸಿ ರಿಪೇರಿಯವನು ಏನು ಮಾಡಬೇಕು? ಲೋಕೇಶ ಓಡಿದ.

ಓಡಿದ ಎನ್ನುವುದಕ್ಕಿಂತ ಅವನೂ ಹಸುವೂ ಸರದಿಯ ಮೇಲೆ ಒಬ್ಬರನ್ನೊಬ್ಬರು ಎಳೆದರು ಎನ್ನಬಹುದು. ರಸ್ತೆಯ ಈ ಬದಿಯಲ್ಲಿ ರಾಜಿ ಮುಂದೆ, ಆ ಬದಿಯಲ್ಲಿ ಲೋಕೇಶ ಮುಂದೆ. ಒಂದು ಕಡೆ ನಿಂತಿದ್ದ ಬೈಕಿನ ಸೀಟನ್ನು ನೆಕ್ಕಲು ಅವಳು ಗಕ್ಕನೆ ನಿಂತಾಗ ಲೋಕೇಶ ಹಗ್ಗದ ತುದಿಯಲ್ಲಿ ಗಾಳಿಪಟದಂತೆ ತಿರುಗಿದ. ಇನ್ನೊಂದು ಕಡೆ ಮೊಬೈಲಿನಲ್ಲಿ ವಿಳಾಸ ಹುಡುಕುತ್ತಿದ್ದ ಕೊರಿಯರ್‌ನವನ ಕತ್ತನ್ನು ಹಿಂದಿನಿಂದ ಸವರಿದಳು. ಅವನು ಪಾರ್ಸೆಲನ್ನು ಅಲ್ಲೇ ಹಾಕಿ, ವಿಳಾಸ ಗೊತ್ತಿದ್ದವನಂತೆ ಓಡಿಹೋದ.

ಹಿಂದಿರುಗಿ ನೋಡಿದರೆ ವಿದೇಶಿಯರೂ ಓಡಿ ಬರುತ್ತಿದ್ದರು. ಬರಿಗಾಲು. ಸಾಲು ತಪ್ಪಿಲ್ಲ, ಉಸಿರು ತಪ್ಪಿಲ್ಲ. ಲೋಕೇಶನೊಬ್ಬನೇ ಹಳೆಯ ಗ್ರೈಂಡರಿನಂತೆ ಸದ್ದು ಮಾಡುತ್ತಿದ್ದ.

ಪಡುವಾರಹಳ್ಳಿಯ ಓಣಿಯ ಬಾಯಲ್ಲಿ ಮಹದೇವಯ್ಯನವರು ನಿಂತಿದ್ದರು. ಅವರು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತರಾದವರು. ಬಸ್ಸುಗಳು ಕೈತಪ್ಪಿದ ಮೇಲೆ ಓಣಿಯ ಜನರನ್ನೇ ಕಂಟ್ರೋಲ್ ಮಾಡಿಕೊಂಡು ಇದ್ದರು.

"ನಿಲ್ಲಯ್ಯ. ಏನಿದು ಮೆರವಣಿಗೆ?"

"ಹಸು ಅವ್ರನ್ನ ನೆಕ್ಬುಡ್ತು ಸಾರ್. ಹೊಡೆಯಕ್ಕೆ ಬರ್ತಾವ್ರೆ."

"ನೀನು ಹಿಂದೆ ನಿಂತ್ಕೊ. ಇಂಗ್ಲಿಷಲ್ಲಿ ನಾನು ಮಾತಾಡ್ತೀನಿ."

ಉದ್ದನೆಯವನು ಬಂದು ನಿಂತ. ಕೈಮುಗಿದ. "ಪ್ಲೀಸ್. ವೇರ್ ಈಸ್ ಅಮ್ಮ? ವೀ ನೀಡ್ ದ ಕೌ," ಎಂದ. ಆಮೇಲೆ ತಿರುಗಿ ತನ್ನ ಬೆನ್ನನ್ನು ತೋರಿಸಿ, ಹಲ್ಲುಬಿಟ್ಟು ನಕ್ಕ.

ಮಹದೇವಯ್ಯ ಗಂಭೀರವಾಗಿ ತಲೆಯಾಡಿಸಿದರು. "ಯೆಸ್ ಯೆಸ್. ವೀ ವಿಲ್ ಸೀ. ನೌ ಗೋ," ಎಂದು ಬಸ್ಸನ್ನು ಹೊರಡಿಸುವವರಂತೆ ಕೈ ಬೀಸಿದರು. ವಿದೇಶಿಯರು ಪರಸ್ಪರ ಮುಖ ನೋಡಿಕೊಂಡು ನಿಧಾನವಾಗಿ ಹಿಂದಕ್ಕೆ ಹೋದರು.

"ಏನಂದ ಸಾರ್?"

"ಹಸು ಬೇಕಂತೆ. ವಶಕ್ಕೆ ತಗೋತಾರಂತೆ."

"ಅಮ್ಮ ಅಂತ ಏನೋ ಅಂದಂಗಾಯ್ತು?"

"ಅದು ಬೈಗುಳ ಕಣಯ್ಯ. ನಮ್ಮೋರ ಸಹವಾಸ, ಅಮ್ಮ ಅಕ್ಕ ಅಂತ ಬೈಯೋದು ಅವ್ರೂ ಕಲ್ತುಬುಟ್ಟವ್ರೆ."

"ಮತ್ತೆ ನಕ್ಕನಲ್ಲ?"

"ಅದೇ ಡೇಂಜರ್ರು. ಗಾಯ ತೋರ್ಸಿ ನಗ್ತಾನೆ ಅಂದ್ರೆ ಕೇಸು ಗ್ಯಾರಂಟಿ. ಇನ್ನು ಪೊಲೀಸ್ನೋರು, ಅವ್ರ ದೇಶದ ರಾಯಭಾರಿ, ದಿಲ್ಲಿ, ಎಲ್ಲಿಗೆ ಹೋಗಿ ಮುಟ್ಟುತ್ತೋ. ಮೊದ್ಲು ಈ ಹಸೂನ ಬಚ್ಚಿಡು."

ದಿಲ್ಲಿ ಎಂದ ಕೂಡಲೇ ಲೋಕೇಶ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡ. ಅತ್ತೆಯ ಮುಖ, ಅತ್ತೆಯ ಹೂಂಕಾರ ಕಣ್ಣಮುಂದೆ ಬಂತು. ದಿಲ್ಲಿಯಾದರೂ ವಾಸಿ ಎನಿಸಿತು.

ಬಚ್ಚಿಡಲು ಮಹದೇವಯ್ಯನವರ ಕಾರ್ ಶೆಡ್ಡೇ ಸರಿ ಎಂದಾಯಿತು. ಕಾರಿರಲಿಲ್ಲ, ಶೆಡ್ಡಿತ್ತು. ಹಬ್ಬಕ್ಕೆಂದು ಹೊಸದಾಗಿ ಸುಣ್ಣ ಬಳಿಸಿದ್ದರು. ರಾಜಿಯನ್ನು ಒಳಗೆ ಬಿಟ್ಟು, ಬಾಗಿಲು ಮುಂದಕ್ಕೆಳೆದು, ಮಹದೇವಯ್ಯ ತಮ್ಮ ಯೋಜನೆಯನ್ನು ವಿವರಿಸುವಷ್ಟರಲ್ಲಿ ಒಳಗಿನಿಂದ 'ಸರ್, ಸರ್' ಎಂದು ಸದ್ದು ಕೇಳಿಸಿತು.

"ನೋಡು, ಸರ್ ಅಂತೈತೆ. ಅದಕ್ಕಿರೋ ಮರ್ಯಾದೆ ನಿಂಗಿಲ್ಲ," ಎಂದು ಮಹದೇವಯ್ಯ ಇಣುಕಿದರು. ರಾಜಿ ಒಂದು ಗೋಡೆಯ ಸುಣ್ಣವನ್ನು ಇಟ್ಟಿಗೆ ಕಾಣುವವರೆಗೆ ನೆಕ್ಕಿ ಮುಗಿಸಿ ಎರಡನೆಯದಕ್ಕೆ ತಿರುಗಿದ್ದಳು.

ಮರುಕ್ಷಣವೇ ಹಸುವೂ ಅಳಿಯನೂ ಮತ್ತೆ ಓಣಿಯಲ್ಲಿದ್ದರು.

ಎದುರುಮನೆಯ ಪ್ರೇಮಲೀಲಾ ತಂತಿಯ ಮೇಲೆ ಬಟ್ಟೆ ಹರವುತ್ತಿದ್ದರು. ಓಣಿಯಲ್ಲಿ ಯಾರ ಮನೆಯ ಕುಕ್ಕರ್ ಎಷ್ಟು ಸೀಟಿ ಹಾಕಿತೆಂದು ಹೇಳಬಲ್ಲ ಹೆಂಗಸು. ಅವರು ಬಕೆಟ್ಟಿಗೆ ಬಗ್ಗಿ ಏಳುವಷ್ಟರಲ್ಲಿ ತಂತಿಯ ಮೇಲಿದ್ದ ಹೂವಿನ ನೈಟಿ ರಾಜಿಯ ಬಾಯಲ್ಲಿತ್ತು.

"ಲೋಕೇಶ, ನನ್ ನೈಟಿ."

ಲೋಕೇಶ ನೈಟಿಯ ಒಂದು ತುದಿ ಹಿಡಿದ. ರಾಜಿ ಇನ್ನೊಂದು ತುದಿ ಬಿಡಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಹಗ್ಗಜಗ್ಗಾಟ ಆಡಿದರು. ಕೊನೆಗೆ ನೈಟಿಯೇ ಸೋತು 'ಪರ್' ಎಂದು ಎರಡಾಯಿತು. ಬಾಯೊಳಗಿನ ಅರ್ಧವನ್ನೂ ಲೋಕೇಶ ಧೈರ್ಯಮಾಡಿ ಕೈಹಾಕಿ ಎಳೆದು ತೆಗೆದ. ಮೊಣಕೈವರೆಗೆ ಜೊಲ್ಲು.

"ಪ್ರೇಮಕ್ಕ, ತಪ್ಪಾಯ್ತು. ಮೇಲಿಂದು ಜಾಕೀಟಿಗಾಗುತ್ತೆ, ಕೆಳಗಿಂದು..."

"ನೈಟಿ ಹಾಳಾಗ್ಲಿ ಬಿಡೋ. ಹಸು ಕಣ್ಣು ನೋಡು. ಇದಕ್ಕೆ ದೃಷ್ಟಿಯಾಗದೆ. ಮಾದೇವಮ್ಮಕ್ಕ ಇಲ್ಲದ ಹೊತ್ತು ನೋಡ್ಕೊಂಡು ಯಾರೋ ಕಣ್ಣು ಹಾಕವ್ರೆ. ಇರು, ನೀವಾಳಿಸ್ಬುಡ್ತೀನಿ."

ಅವರು ಒಳಗೆ ಹೋಗಿ ಮುಷ್ಟಿತುಂಬ ಕಲ್ಲುಪ್ಪು, ಒಣಮೆಣಸಿನಕಾಯಿ ಹಿಡಿದು ಬಂದರು. ಒಂದು ಸುತ್ತು ಸುಳಿಸಿದರು. ಎರಡನೆಯ ಸುತ್ತಿಗೆ ಕೈ ಹಸುವಿನ ಮೂಗಿನ ಮುಂದೆ ಬಂತು. ರಾಜಿಯ ನಾಲಿಗೆ ಹಾವಿನಂತೆ ಹೊರಬಂದು ಮುಷ್ಟಿಯನ್ನು ಬಿಚ್ಚಿಸಿ, ಉಪ್ಪನ್ನಷ್ಟೂ ಬಳಿದುಕೊಂಡು ಒಳಗೆ ಹೋಯಿತು. ಮೆಣಸಿನಕಾಯಿಗಳನ್ನು ಮಾತ್ರ ಒಂದೊಂದಾಗಿ ಉಗುಳಿದಳು. ಆಮೇಲೆ ಪ್ರೇಮಲೀಲಾರ ಸೆರಗಿನ ಹಿಂದೆಯೇ ಅಡಿಗೆಮನೆಯ ಬಾಗಿಲವರೆಗೆ ಹೋಗಿ, ಸಾಲ ಕೇಳುವವಳಂತೆ ನಿಂತಳು.

ಪ್ರೇಮಲೀಲಾ ತಮ್ಮ ಒದ್ದೆ ಕೈಯನ್ನು ನೋಡಿಕೊಂಡರು. ಹಸುವನ್ನು ನೋಡಿದರು. "ಲೋಕೇಶ, ಇದು ದೃಷ್ಟಿಯಲ್ಲ ಕಣೋ. ಇದಕ್ಕೆ ಉಪ್ಪು ಬೇಕು. ಬಸುರಿ ಮಣ್ಣು ತಿನ್ನಲ್ವಾ, ಹಂಗೆ ಏನೋ ಕಮ್ಮಿಯಾಗದೆ. ಡಾಕ್ಟ್ರಿಗೆ ಫೋನ್ ಮಾಡು."

"ಮಾಡ್ಬೇಡ," ಎಂದು ಶೆಡ್ಡಿನೊಳಗಿಂದ ಮಹದೇವಯ್ಯ ಕೂಗಿದರು. "ಡಾಕ್ಟ್ರು ಬರೆದುಕೊಟ್ರೆ ಅದೇ ಸಾಕ್ಷಿಯಾಗುತ್ತೆ."

ಲೋಕೇಶ ಬಾಳಿನಲ್ಲಿ ಮೊದಲ ಸಲ ಮಹದೇವಯ್ಯನವರ ಮಾತು ಮೀರಿ ಫೋನ್ ಮಾಡಿದ.

ಪಶುವೈದ್ಯೆ ಸಂಘಮಿತ್ರ ಮಧ್ಯಾಹ್ನಕ್ಕೆ ಸ್ಕೂಟರಿನಲ್ಲಿ ಬಂದಳು. ಚುರುಕಾದ ಹೆಂಗಸು. ಲೋಕೇಶನ ಮನೆಯ ಕೊಟ್ಟಿಗೆಯಲ್ಲಿ ರಾಜಿಯ ಬಾಯಿ ಬಿಡಿಸಿ ನೋಡಿದಳು, ರೆಪ್ಪೆ ಎತ್ತಿ ನೋಡಿದಳು, ಮೈಮೇಲಿನ ಕೂದಲನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಲೋಕೇಶ ಬೆಳಗಿನಿಂದ ನಡೆದದ್ದನ್ನೆಲ್ಲ ಒಪ್ಪಿಸಿದ. ಬೈಕಿನ ಸೀಟಿನವರೆಗೆ ತಡೆದುಕೊಂಡಿದ್ದ ಅವಳು ಕೊರಿಯರ್‌ನವನ ಕತೆ ಬಂದಾಗ ಮುಖ ತಿರುಗಿಸಿ ನಕ್ಕಳು.

"ಎಲ್ಲಿ ಮೇಯಿಸ್ತೀರ ಇದನ್ನ?"

"ಗೋಕುಲಂ ಖಾಲಿ ಸೈಟಲ್ಲಿ ಮೇಡಂ. ಹಸಿರಾಗಿ ಚೆನ್ನಾಗೈತೆ ಹುಲ್ಲು."

"ಆ ಸೈಟಾ? ಪಕ್ಕದ ಅಪಾರ್ಟ್‌ಮೆಂಟಿಗೆ ಪಾಯ ತೆಗೆದ ಮಣ್ಣೆಲ್ಲ ಸುರಿದವ್ರಲ್ಲ ಅಲ್ಲಿ. ಆಳದ ಮಣ್ಣು, ಸತ್ವ ಇಲ್ಲ. ಮೇಲಿಂದ ಪ್ರತಿ ಮಳೆಗೂ ಇದ್ದಬದ್ದದ್ದು ತೊಳ್ಕೊಂಡು ಹೋಗುತ್ತೆ. ಮಣ್ಣಲ್ಲಿ ಇಲ್ಲದ್ದು ಹುಲ್ಲಿಗೆ ಎಲ್ಲಿಂದ ಬರ್ಬೇಕು? ಹುಲ್ಲಲ್ಲಿ ಇಲ್ಲದ್ದು ಹಸೂಗೆ ಎಲ್ಲಿಂದ ಸಿಗ್ಬೇಕು?"

"ಅಂದ್ರೆ?"

"ನಿಮಗೆ ದಿನಾ ಮೂರು ಹೊತ್ತು ಉಪ್ಪು, ಹುಳಿ ಏನೂ ಇಲ್ಲದ ಅನ್ನ ಹಾಕಿದ್ರೆ ಹೆಂಗಿರುತ್ತೆ? ಹೊಟ್ಟೆ ತುಂಬುತ್ತೆ, ಆಸೆ ತೀರಲ್ಲ. ಉಪ್ಪಿನಂಶ ಕಮ್ಮಿ, ಅದಕ್ಕೇ ಬೆವರು ಕಂಡಲ್ಲಿ ನೆಕ್ಕುತ್ತೆ. ರಂಜಕ ಕಮ್ಮಿ ಆದ್ರೆ ಬಟ್ಟೆ, ಮೂಳೆ, ಸುಣ್ಣ, ಸಿಕ್ಕಿದ್ದೆಲ್ಲ ಅಗೀತವೆ. ಕಣ್ಣಿನ ಸುತ್ತ ಈ ಉಂಗುರ ನೋಡಿ, ಕಪ್ಪು ಕೂದ್ಲು ಕೆಂಚಗಾಗದೆ. ಇದು ತಾಮ್ರ ಕಮ್ಮಿ ಇದೆ ಅನ್ನೋ ಗುರುತು. ಹಾಲೂ ಕಮ್ಮಿ ಆಗಿರ್ಬೇಕಲ್ಲ?"

ಹಾಲು ಕಮ್ಮಿಯಾದದ್ದು ನಿಜ. ಆ ಕಾರಣಕ್ಕೇ ಲೋಕೇಶನ ಕಾಫಿ ದಿನದಿನಕ್ಕೂ ಕಪ್ಪಾಗುತ್ತಾ ಬಂದಿತ್ತು. ಅತ್ತೆ ಬೇಕೆಂದೇ ಹಾಗೆ ಮಾಡುತ್ತಿದ್ದಾರೆಂದು ಅವನು ತಿಳಿದಿದ್ದ.

ಸಂಘಮಿತ್ರ ರಕ್ತದ ಮಾದರಿ ತೆಗೆದುಕೊಂಡಳು. ಖನಿಜ ಮಿಶ್ರಣದ ಪುಡಿ ಕೊಟ್ಟು, ಅಳತೆ ಚಮಚ ತೋರಿಸಿ, ಇದಕ್ಕಿಂತ ಹೆಚ್ಚು ಹಾಕಬಾರದೆಂದು ಎರಡೆರಡು ಸಲ ಹೇಳಿದಳು. ಆಮೇಲೆ ಸ್ಕೂಟರಿನ ಡಿಕ್ಕಿಯಿಂದ ಕಂದುಬಣ್ಣದ ದೊಡ್ಡದೊಂದು ಉಪ್ಪಿನ ಇಟ್ಟಿಗೆ ತೆಗೆದು, ಹಗ್ಗ ಪೋಣಿಸಿ, ಗೋದಲಿಯ ಮೇಲೆ ತೂಗುಹಾಕಿದಳು. "ಇದನ್ನ ಅದಕ್ಕೆ ಬೇಕಾದಾಗ ನೆಕ್ಕಲಿ. ಹತ್ರದಲ್ಲಿ ನೀರಿರ್ಲಿ. ಈ ಹುಚ್ಚು ನೆಕ್ಕಾಟ ಬೇಗ ಕಮ್ಮಿಯಾಗುತ್ತೆ, ಮೈ ತುಂಬೋದಕ್ಕೆ ಸ್ವಲ್ಪ ಕಾಲ ಬೇಕು."

ರಾಜಿ ಆ ಇಟ್ಟಿಗೆಯನ್ನು ಒಂದು ಸಲ ನೆಕ್ಕಿ ಸ್ತಬ್ಧಳಾದಳು. ಕಣ್ಣು ಅರ್ಧ ಮುಚ್ಚಿಕೊಂಡಳು. ಆಮೇಲೆ ಐಸ್‌ಕ್ಯಾಂಡಿ ಸಿಕ್ಕಿದ ಮಗುವಿನಂತೆ ಎಡದಿಂದ, ಬಲದಿಂದ, ಕೆಳಗಿನಿಂದ ಶುರುಮಾಡಿದಳು. ಬಿಸಿಲು ಇಳಿಯುವವರೆಗೆ ಅವಳಿಗೆ ಬೇರೆ ಕೆಲಸವಿರಲಿಲ್ಲ. ಕೊನೆಗೆ ಬಕೆಟ್ಟುಗಟ್ಟಲೆ ನೀರು ಕುಡಿದು, ದೊಡ್ಡದೊಂದು ನಿಟ್ಟುಸಿರು ಬಿಟ್ಟು ಮಲಗಿದಳು. ಲೋಕೇಶ ಪರೀಕ್ಷಿಸಲೆಂದು ಬೆವರಿದ ತನ್ನ ಕೈಯನ್ನು ಅವಳ ಮೂತಿಯ ಹತ್ತಿರ ಹಿಡಿದ. ಅವಳು ಮೂಸಿ, ಮದುವೆಯೂಟ ಮುಗಿಸಿದವರು ಚಿತ್ರಾನ್ನ ಬೇಡವೆನ್ನುವಂತೆ ಮುಖ ಪಕ್ಕಕ್ಕೆ ತಿರುಗಿಸಿದಳು.

ಲೋಕೇಶನ ಎದೆ ಉಬ್ಬಿತು. ಕೆಟ್ಟದ್ದು ಏನೆಂದು ಕಂಡುಹಿಡಿದು ಸರಿಮಾಡಿದರೆ ಸಿಗುವ ಸುಖವನ್ನು ಅವನು ಬಲ್ಲವನೇ. ಅತ್ತೆ ಬಂದ ಕೂಡಲೇ ಹೇಳಬೇಕಾದ್ದನ್ನು ಗೋದಲಿಯ ಮುಂದೆ ನಿಂತು ಅಭ್ಯಾಸ ಮಾಡತೊಡಗಿದ. "ಅತ್ತೆ, ವಿಷ್ಯ ಏನಪ್ಪಾ ಅಂದ್ರೆ, ಮಣ್ಣಲ್ಲಿ ಇಲ್ಲದ್ದು ಹುಲ್ಲಿಗೆ ಎಲ್ಲಿಂದ ಬರ್ಬೇಕು?" ಇಲ್ಲಿ ಸ್ವಲ್ಪ ನಿಲ್ಲಿಸಿ ಅವರ ಮುಖ ನೋಡುವುದು ಎಂದು ತೀರ್ಮಾನಿಸಿದ.

ಅಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಮಹದೇವಯ್ಯ ಕಾಣಿಸಿಕೊಂಡರು. ಮೈಮೇಲೆಲ್ಲ ಸುಣ್ಣ.

"ಬಂದವ್ರೆ ಕಣಯ್ಯ."

"ಯಾರು, ಅತ್ತೆನಾ?"

"ಅತ್ತೆಯಲ್ಲ. ಅವ್ರು. ಇನ್ನೂ ಜಾಸ್ತಿ ಜನ. ನಿನ್ ಮನೆ ಮುಂದೆ ಚಾಪೆ ಹಾಸ್ಕೊಂಡು ಕೂತವ್ರೆ. ಧರಣಿ."

ಲೋಕೇಶ ಕಿಟಕಿಯಿಂದ ಇಣುಕಿದ. ಓಣಿಯ ಉದ್ದಕ್ಕೂ ವಿದೇಶಿಯರು ಚಕ್ಕಳಮಕ್ಕಳ ಹಾಕಿ, ಬೆನ್ನು ನೇರಮಾಡಿ, ಕಣ್ಣುಮುಚ್ಚಿ ಕೂತಿದ್ದರು. ಸುತ್ತ ಓಣಿಯ ಜನ ನೆರೆದಿದ್ದರು. ಯಾರೋ ಉಪವಾಸ ಎಂದರು, ಇನ್ಯಾರೋ ಟಿವಿಯವರು ಬರುತ್ತಾರಂತೆ ಎಂದರು. ಪ್ರೇಮಲೀಲಾ ಮನಸ್ಸು ಕರಗಿ ಧರಣಿನಿರತರಿಗೆಲ್ಲ ಮಜ್ಜಿಗೆ ಹಂಚುತ್ತಿದ್ದರು.

"ಹೋಗಿ ಕಾಲಿಗೆ ಬಿದ್ಬುಡು," ಎಂದರು ಮಹದೇವಯ್ಯ.

"ಯಾರ ಕಾಲಿಗೆ ಸಾರ್? ಎಲ್ರೂ ಕಾಲು ಮಡಚ್ಕೊಂಡು ಕೂತವ್ರೆ."

ಅವನು ಕೊಟ್ಟಿಗೆಗೆ ಹೋಗಿ ಒಣಹುಲ್ಲಿನ ರಾಶಿಯ ಹಿಂದೆ ಕೂತ. ಅಲ್ಲಿಂದ ಮನೆಯ ಪಕ್ಕದ ಸಂದಿಯಲ್ಲಿ ಓಣಿಯ ಒಂದು ತುಂಡು ಕಾಣುತ್ತಿತ್ತು. ಆ ತುಂಡಿನಲ್ಲಿ ಒಂದು ಆಟೋ ಬಂದು ನಿಂತಿತು. ರೇಷ್ಮೆ ಸೀರೆಯ ಮಾದೇವಮ್ಮ ಇಳಿದರು.

ಮುಗಿಯಿತು ಎಂದುಕೊಂಡ ಲೋಕೇಶ. ಆದರೆ ಅವನು ಕಂಡದ್ದೇ ಬೇರೆ. ಮಾದೇವಮ್ಮನನ್ನು ನೋಡಿದ್ದೇ ತಡ, ಧರಣಿಯಷ್ಟೂ ಎದ್ದು ನಿಂತು, "ಅಮ್ಮಾ" ಎಂದು ಒಕ್ಕೊರಲಿನಿಂದ ಕೈಮುಗಿಯಿತು.

ಮಾದೇವಮ್ಮ ಸೆರಗು ಸರಿಮಾಡಿಕೊಂಡರು. "ಗುಡ್ ಈವ್ನಿಂಗ್, ಗುಡ್ ಈವ್ನಿಂಗ್. ವೈ ಆಲ್ ಕಮಿಂಗ್ ಈವ್ನಿಂಗ್ ಟೈಮ್? ಮಾರ್ನಿಂಗ್ ರಾಜಿ ನಾಟ್ ಲಿಕ್ಕಿಂಗ್?"

ಮಹದೇವಯ್ಯನವರ ಬಾಯಿ ಶೆಡ್ಡಿನ ಬಾಗಿಲಿನಂತೆ ತೆರೆದುಕೊಂಡಿತು.

"ಓನ್ಲಿ ಮಾರ್ಕೊ," ಎಂದು ಬೆಳಿಗ್ಗೆ ತೋಳು ಚಾಚಿದ್ದ ಹೆಂಗಸು ಉದ್ದನೆಯವನನ್ನು ತೋರಿಸಿ ದುಃಖದಿಂದ ಹೇಳಿದಳು. "ದೆನ್ ಯುವರ್ ಮ್ಯಾನ್ ರ‍್ಯಾನ್ ಅವೇ."

ಅದೇ ಹೊತ್ತಿಗೆ ಡ್ಯೂಟಿ ಮುಗಿಸಿ ಬಂದ ಪದ್ಮಾವತಿ ಗುಂಪನ್ನು ಸೀಳಿಕೊಂಡು ಮುಂದೆ ಬಂದಳು. "ಏನವ್ವ ಇದು? ಏನ್ ಲಿಕ್ಕಿಂಗು?"

ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಮಾದೇವಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಹೇಳಿದರು.

"ನಾನೇನ್ ಕರೆಯಕ್ಕೋಗಿದ್ನಾ? ಹೋದ ಚಳಿಗಾಲದಲ್ಲಿ ಒಂದಿನ ರಾಜಿ ಅವ್ಳಾಗೇ ಹೋಗಿ ಒಬ್ಬನ ಬೆನ್ನು ನೆಕ್ಬುಟ್ಲು. ಬೈತಾನೇನೋ ಅಂತ ನಾನು ನಡುಗ್ತಿದ್ರೆ ಅವ್ನು ಬೆನ್ನುನೋವು ಹೋಯ್ತು ಅಂತ ಅಳಕ್ಕೆ ಶುರು ಮಾಡ್ದ. ಮಾರನೇ ದಿನ ನಾಕ್ ಜನ ಬಂದ್ರು. ಆಮೇಲೆ ಸಾಲೇ ನಿಂತ್ಕತ್ತು. ಇವಳಿಂದ ನಂಗೂ ನಾಕು ದೇಶದ ಜನ ಪರಿಚಯ ಆದ್ರು, ನಾಕು ಮಾತು ಕಲ್ತೆ. ನಿಂಗೆ ಹೇಳಿದ್ರೆ ಸೋಪು, ಕ್ರಿಮಿ, ಇಂಜೆಕ್ಷನ್ನು ಅಂತ ಶುರು ಮಾಡ್ತೀಯ. ಅದ್ಕೇ ಹೇಳ್ಲಿಲ್ಲ."

ಪದ್ಮಾವತಿ ಸೋಪಿನ ವಿಷಯ ಶುರುಮಾಡುವ ಮೊದಲೇ ಅವರು ಎದ್ದು ಹಿತ್ತಲಿಗೆ ಹೋಗಿ ರಾಜಿಯನ್ನು ಹಿಡಿದು ತಂದರು. ವಿದೇಶಿಯರು ಬೆನ್ನು ತಿರುಗಿಸಿ ಸಾಲಾಗಿ ಕೂತರು. "ಒನ್ ಬೈ ಒನ್. ನೋ ಪುಶಿಂಗ್," ಎಂದರು ಮಾದೇವಮ್ಮ.

ರಾಜಿ ಮೊದಲನೆಯ ಬೆನ್ನನ್ನು ಮೂಸಿದಳು. ಮುಂದೆ ಹೋದಳು. ಎರಡನೆಯದನ್ನು ಮೂಸಲೂ ಇಲ್ಲ. ಸಾಲಿನ ಕೊನೆಯವರೆಗೆ ನಡೆದು, ಪರೇಡ್ ನೋಡಿದ ಅಧಿಕಾರಿಯಂತೆ ಹಿಂದಿರುಗಿ, ಓಣಿಯ ನಡುವೆ ನಿಂತು ಮೆಲುಕು ಹಾಕತೊಡಗಿದಳು.

"ಏನ್ ಮಾಡ್ಬುಟ್ರಿ ಇದಕ್ಕೆ?" ಮಾದೇವಮ್ಮನ ದನಿ ಹಿತ್ತಲ ಕಡೆಗೆ ಹೋಯಿತು.

ಲೋಕೇಶ ಹುಲ್ಲುರಾಶಿಯಿಂದ ಎದ್ದು ಬಂದ. ತಲೆಯ ಮೇಲೆ ಹುಲ್ಲು, ಅಂಗಿಯ ಮೇಲೆ ಜೊಲ್ಲು. 'ವಿಷ್ಯ ಏನಪ್ಪಾ ಅಂದ್ರೆ' ಎಂದು ಶುರುಮಾಡಿ ಪಾಯದ ಮಣ್ಣು, ರಂಜಕ, ತಾಮ್ರ, ಉಪ್ಪಿನ ಇಟ್ಟಿಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಮುಖ ನೋಡಲು ಎಲ್ಲಿ ನಿಲ್ಲಿಸಬೇಕೆಂದಿದ್ದನೋ ಅದು ಮರೆತೇಹೋಗಿತ್ತು.

"ಚೆನ್ನಾಗಿದ್ದ ಹಸೂನ ರಿಪೇರಿ ಮಾಡ್ಬುಟ್ರಾ," ಎಂದರು ಮಾದೇವಮ್ಮ.

"ಚೆನ್ನಾಗಿರ್ಲಿಲ್ಲ ಅತ್ತೆ. ಕಾಯಿಲೆ ಇತ್ತು. ಅವ್ಳ ಕಣ್ಣು ನೋಡಿ."

ಮಾದೇವಮ್ಮ ರಾಜಿಯ ಗಲ್ಲ ಹಿಡಿದು ಕಣ್ಣಿನ ಸುತ್ತಲಿನ ಉಂಗುರ ನೋಡಿದರು. ಬಹಳ ಹೊತ್ತು ನೋಡಿದರು. ಅವರ ಮುಖ ಮೆತ್ತಗಾಯಿತು. "ಅಯ್ಯೋ ನನ್ ಕಂದ. ನಾನು ಅದು ಲಕ್ಷಣ ಅಂದ್ಕೊಂಡಿದ್ನಲ್ಲೇ. ಒಂದು ಮಾತು ಹೇಳಕ್ಕೆ ನಿಂಗೆ ಬಾಯಿಲ್ಲ, ನೋಡಕ್ಕೆ ನಂಗೆ ಕಣ್ಣಿರ್ಲಿಲ್ಲ." ಅವರು ಹಸುವಿನ ಕೊರಳು ತಬ್ಬಿದರು. ಆಮೇಲೆ ಅಳಿಯನ ಕಡೆ ತಿರುಗಿದರು. ಅವರ ತುಟಿ 'ಪ' ಎನ್ನುವ ಆಕಾರಕ್ಕೆ ಬಂದದ್ದನ್ನು ಲೋಕೇಶ ಸ್ಪಷ್ಟವಾಗಿ ಕಂಡ. ಉಸಿರು ಹಿಡಿದು ನಿಂತ.

ಅಷ್ಟರಲ್ಲಿ ಮಾರ್ಕೊ ನಡುವೆ ಬಂದು, ಲೋಕೇಶನನ್ನು ತೋರಿಸಿ, ಅತ್ತೆಯ ಹತ್ತಿರ ಬಹಳ ಹೊತ್ತು ಇಂಗ್ಲಿಷಿನಲ್ಲಿ ಏನೇನೋ ಹೇಳಿದ. ಬೆನ್ನಿನ ಮೇಲೆ ಕೈಯಿಟ್ಟು ಹೇಳಿದ, ಎದೆಯ ಮೇಲೆ ಕೈಯಿಟ್ಟು ಹೇಳಿದ. ಮಿಕ್ಕವರೆಲ್ಲ ತಲೆಯಾಡಿಸಿದರು. ಮಾದೇವಮ್ಮನ ತುಟಿ 'ಪ'ದಿಂದ ಸರಿದು ನಗುವಿಗೆ ಬಂತು.

"ಏನಂತೆ?" ಎಂದು ಮಹದೇವಯ್ಯ ಕೇಳಿದರು. ಅನುವಾದದ ಕೆಲಸ ಈಗ ಕೈಬದಲಾಗಿತ್ತು.

"ನೆಕ್ದೇ ಇದ್ರೆ ಹೋಗ್ಲಿ ಅಂತಾವ್ರೆ. ಬೆಳಿಗ್ಗೆ ಹಸು ಹಿಂದೆ ಓಡಿದ್ರಲ್ಲ, ಇಂಡಿಯಾಕ್ಕೆ ಬಂದ ಮೇಲೆ ಅಂಥ ಅಭ್ಯಾಸ ಇನ್ನೊಂದು ಆಗಿಲ್ವಂತೆ. ಮನಸ್ಸೆಲ್ಲ ಖಾಲಿಯಾಗೋಯ್ತಂತೆ. ಮುಂದೆ ಓಡೋ ಗುರುಗಳು ಹಿಂದೆ ತಿರುಗಿ ತಿರುಗಿ ನೋಡ್ತಿದ್ರಲ್ಲ, ಆ ಕರುಣೆ ಮರೆಯಕ್ಕಾಗಲ್ವಂತೆ. ನಾಳೆ ಏಳು ಗಂಟೆಗೆ ಬರ್ತಾರಂತೆ."

"ಯಾವ ಗುರುಗಳು ಅತ್ತೆ?" ಎಂದ ಲೋಕೇಶ.

"ನೀವೇ."

"ನಂಗೆ ಅಂಗಡಿ ಇದೆ ಅತ್ತೆ."

"ಅಂಗಡಿ ಹತ್ತಕ್ಕಲ್ವಾ ತೆಗೆಯೋದು? ಓಡಿ, ಸ್ನಾನ ಮಾಡಿ ಹೋದ್ರಾಯ್ತು. ನಾನು ಹೂಂ ಅಂದ್ಬುಟ್ಟಿದೀನಿ."

ಲೋಕೇಶ ಕೊನೆಯ ಆಸೆಯಿಂದ ಹೆಂಡತಿಯ ಕಡೆ ನೋಡಿದ. ಪದ್ಮಾವತಿ ಅವನ ಅಂಗಿಯ ಮೇಲಿನ ಜೊಲ್ಲನ್ನು ದಾಟಿ, ಅದರ ಕೆಳಗಿನ ಉಬ್ಬನ್ನು ನರ್ಸಿನ ಕಣ್ಣಿನಿಂದ ಅಳೆದಳು. "ಒಳ್ಳೇದೇ ಆಯ್ತು ಕಣ್ರೀ. ಹಸು ನೆಕ್ಕೋದೂ ತಪ್ತು, ನಿಮ್ ಹೊಟ್ಟೆನೂ ಕರಗುತ್ತೆ."

ಹೊರಡುವ ಸಮಯಕ್ಕೆ ಸೀಟಿ ಊದುವ ಹೊಣೆಯನ್ನು ಮಹದೇವಯ್ಯ ಯಾರೂ ಕೇಳದೆಯೇ ವಹಿಸಿಕೊಂಡರು. ತಮ್ಮ ಮಂಡಿನೋವಿಗೂ ಇದು ಆಗಬಹುದೇನೋ ಎಂದು ಪ್ರೇಮಲೀಲಾ ಹೊಸ ಬೂಟಿನ ವಿಚಾರಣೆಯಲ್ಲಿದ್ದರು.

ಮರುದಿನ ಏಳು ಗಂಟೆಗೆ ಮಹದೇವಯ್ಯ ಸೀಟಿ ಊದಿದರು. ಹೆಚ್ಚು ದೂರ ಓಡಬೇಕಾಗಲಿಕ್ಕಿಲ್ಲ, ನಿನ್ನೆಯ ಸುಸ್ತಿಗೆ ರಾಜಿ ತಾನೇ ಎಲ್ಲಾದರೂ ನಿಂತುಬಿಡುತ್ತಾಳೆ ಎಂದು ಲೋಕೇಶ ನಂಬಿದ್ದ. ಆದರೆ ಈಗ ಅವಳಿಗೆ ಗೋಡೆಯನ್ನಾಗಲಿ ಕಂಬವನ್ನಾಗಲಿ ಬೈಕಿನ ಸೀಟನ್ನಾಗಲಿ ನೆಕ್ಕಲು ನಿಲ್ಲುವ ಅಗತ್ಯವಿರಲಿಲ್ಲ. ಖನಿಜದ ಪುಡಿ ತಿಂದ ಹಸು ಬಾಲ ಎತ್ತಿ, ಲೋಕೇಶನನ್ನು ಹಗ್ಗದ ತುದಿಗೆ ಸಿಕ್ಕಿಸಿಕೊಂಡು, ಎಲ್ಲಿಯೂ ನಿಲ್ಲದೆ ಗೋಕುಲಂನ ಉದ್ದಕ್ಕೂ ಓಡಿತು.